ಹಿರಿತನ ಬೇರೆ, ಅರ್ಹತೆ ಬೇರೆ

ಕಳೆದ ಗುರುವಾರ ಸಂಜೆ ದೇವರಿಗೆ ದೀಪ ಹಚ್ಚಿ ಜಗಲಿಯಲ್ಲಿ ಕುಳಿತಿದ್ದಾಗ ದೂರವಾಣಿ ಸದ್ದು ಮಾಡಿತು. “ಸರ್, ನಮಸ್ಕಾರ. ಈ ಸಲ ಪಾಸಾದೆ” ಎಂದಿತು ಆ ಕಡೆಯ ಧ್ವನಿ. ನಿವೃತ್ತನಾಗಿ ವರ್ಷಗಳು ಕಳೆದ ಮೇಲೂ ನನಗೆ ಫಲಿತಾಂಶ ಒಪ್ಪಿಸುವವರು ಯಾರಪ್ಪಾ ಎಂದು ಕ್ಷಣಕಾಲ ತಬ್ಬಿಬ್ಬಾದೆ. ಹೆಸರು ಹೇಳಿದ ಮೇಲೆ ನೆನಪಾಯಿತು. 2011ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ. ಹಿಂದಿನ ಬೆಂಚು. ಗಣಿತಕ್ಕೂ ಅವನಿಗೂ ಎಣ್ಣೆ-ಸೀಗೆಕಾಯಿಯ ಸಂಬಂಧ. ಈಗ ಹೊರರಾಜ್ಯದ ವಿಮಾನ ನಿಲ್ದಾಣವೊಂದರ ಅಗ್ನಿಶಾಮಕ ದಳದಲ್ಲಿದ್ದಾನೆ. ಅವನು ತೇರ್ಗಡೆಯಾದದ್ದು ಒಂದು ಪಾಳಿಯ ಅಗ್ನಿಶಾಮಕ ಮತ್ತು ರಕ್ಷಣಾ ತಂಡವನ್ನು ಮುನ್ನಡೆಸುವುದಕ್ಕೆ ಬೇಕಾದ ಅರ್ಹತಾ ಪರೀಕ್ಷೆಯಲ್ಲಿ. ಹಿಂದಿನ ಬಾರಿ ಅದರಲ್ಲಿ ನಪಾಸಾಗಿದ್ದನಂತೆ.

ಹೆಸರು ಬರೆಯಬಾರದೆಂಬ ಕರಾರಿನ ಮೇಲೆ ಈ ವಿಷಯ ಬರೆಯಲು ಒಪ್ಪಿಗೆ ಕೊಟ್ಟಿದ್ದಾನೆ. ಅವನ ಸಹಪಾಠಿಗಳು ಯಾರೆಂದು ಊಹಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ಮೊದಲ ಸಲ ಏಕೆ ನಪಾಸಾದೆ ಎಂದು ಮಾಸ್ತರಿಕೆಯ ಅಭ್ಯಾಸಬಲದಿಂದ ಕೇಳಿದೆ. ಅವನು ನಗುತ್ತಲೇ ಹೇಳಿದ. ತರಬೇತಿ ಮೈದಾನದಲ್ಲಿ ಉಕ್ಕಿನಿಂದ ಮಾಡಿದ ವಿಮಾನದ ಆಕೃತಿಯೊಂದು ಇರುತ್ತದೆ. ಅದರ ರೆಕ್ಕೆಯ ಕೆಳಗೂ ಒಳಗೂ ನಿಜವಾದ ಬೆಂಕಿ ಹಚ್ಚುತ್ತಾರೆ. ಇವನು ನಾಯಕನ ಸ್ಥಾನದಲ್ಲಿ ವಾಹನದಿಂದ ಇಳಿದ. ನೀರಿನ ಹೋಸ್ ಹಿಡಿದ ಹೊಸ ಹುಡುಗನೊಬ್ಬ ತಡವರಿಸುವುದು ಕಂಡಿತು. ಇವನಿಗೆ ತಡೆಯಲಾಗಲಿಲ್ಲ. ಹೋಸನ್ನು ತಾನೇ ಕಸಿದುಕೊಂಡು ಬಾಗಿಲಿನೊಳಗೆ ನುಗ್ಗಿದ. ಅಷ್ಟರಲ್ಲಿ ಎರಡನೆಯ ವಾಹನ ಬಂದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸುಮ್ಮನೆ ನಿಂತಿತು. ನಿಯಂತ್ರಣ ಗೋಪುರದಿಂದ ರೇಡಿಯೋದಲ್ಲಿ ಕರೆ ಬರುತ್ತಲೇ ಇತ್ತು, ಉತ್ತರಿಸುವವರಿರಲಿಲ್ಲ. ಪರೀಕ್ಷಕರು ಸೀಟಿ ಊದಿ ಎಲ್ಲವನ್ನೂ ನಿಲ್ಲಿಸಿದರು. ಇವನು ಹೊರಗೆ ಬಂದಾಗ ಕೇಳಿದ್ದು ಒಂದೇ ಮಾತು: “ಬೆಂಕಿ ನಂದಿಸಲು ನಿನಗೆ ಬರುತ್ತದೆ, ಅದು ನಮಗೆ ಗೊತ್ತಿದೆ. ಈಗ ಹೇಳು, ನಿನ್ನ ಎಂಟು ಜನ ಎಲ್ಲೆಲ್ಲಿದ್ದಾರೆ?”

“ಮೂವರು ಎಲ್ಲಿದ್ದಾರೆಂದು ಹೇಳಿದೆ ಸರ್. ಉಳಿದವರದ್ದು ಗೊತ್ತಿರಲಿಲ್ಲ” ಎಂದ.

ಆ ಮಾತು ಒಂದು ವಾರದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೆ ಕಾರಣವಿದೆ. ಕೊನೆಗೆ ಹೇಳುತ್ತೇನೆ. ಮೊದಲು ಅವನ ವೃತ್ತಿಯ ಬಗ್ಗೆ ಕೇಳಿ, ಓದಿ ತಿಳಿದುಕೊಂಡಿದ್ದನ್ನು ನಿಮ್ಮ ಮುಂದಿಡುತ್ತೇನೆ. ವಿಮಾನದಲ್ಲಿ ಓಡಾಡುವ ನೀವೆಲ್ಲರೂ ರನ್‌ವೇ ಪಕ್ಕದಲ್ಲಿ ನಿಂತಿರುವ ಆ ದೈತ್ಯ ವಾಹನಗಳನ್ನು ಕಿಟಕಿಯಿಂದ ನೋಡಿರುತ್ತೀರಿ. ಅವುಗಳ ಒಳಗೆ ಕುಳಿತವರ ಬಗ್ಗೆ ಯೋಚಿಸಿರುವುದು ಕಡಿಮೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ ವಿಮಾನ ನಿಲ್ದಾಣಗಳನ್ನು ಅಗ್ನಿಶಮನದ ದೃಷ್ಟಿಯಿಂದ 1ರಿಂದ 10ರವರೆಗೆ ವರ್ಗೀಕರಿಸಲಾಗಿದೆ. ಅಲ್ಲಿಗೆ ಬರುವ ದೊಡ್ಡ ವಿಮಾನಗಳ ಉದ್ದ ಮತ್ತು ಒಡಲಿನ ಅಗಲವೇ ಇದಕ್ಕೆ ಆಧಾರ. ದೊಡ್ಡ ವಿಮಾನಗಳು ಬರುವ 9ನೆಯ ವರ್ಗದ ನಿಲ್ದಾಣದಲ್ಲಿ ಕನಿಷ್ಠ 3 ಅಗ್ನಿಶಾಮಕ ವಾಹನಗಳಿರಬೇಕು. ಬಳಸುವ ನೊರೆಯ ಗುಣಮಟ್ಟಕ್ಕೆ ತಕ್ಕಂತೆ ನೀರಿನ ಪ್ರಮಾಣ ಬದಲಾಗುತ್ತದೆ. ‘ಬಿ’ ದರ್ಜೆಯ ನೊರೆಗೆ 24,300 ಲೀಟರ್ ಬೇಕು. ಕರೆಗಂಟೆ ಬಾರಿಸಿದ ಮೇಲೆ ರನ್‌ವೇಯ ಯಾವ ಮೂಲೆಗಾದರೂ 3 ನಿಮಿಷ ಮೀರದಂತೆ ತಲುಪಿ ನೊರೆ ಚಿಮ್ಮಿಸಬೇಕು. ಸಾಧ್ಯವಾದರೆ 2 ನಿಮಿಷದಲ್ಲೇ ತಲುಪಬೇಕೆಂಬುದು ಅಪೇಕ್ಷೆ. ಇಂಧನ ಹೊತ್ತಿ ಉರಿದರೆ ವಿಮಾನದ ಅಲ್ಯೂಮಿನಿಯಂ ಹೊದಿಕೆ ಒಂದು ನಿಮಿಷದ ಆಸುಪಾಸಿನಲ್ಲಿ ತೂತಾಗಬಹುದು. ಅಲ್ಲಿಂದ ಮುಂದೆ ಒಳಗಿರುವವರ ಶತ್ರು ಬೆಂಕಿಗಿಂತ ಹೊಗೆಯೇ.

ಆದ್ದರಿಂದ ಈ ದಳದ ಮೊದಲ ಕೆಲಸ ವಿಮಾನವನ್ನು ಉಳಿಸುವುದಲ್ಲ, ಜನರು ಹೊರಬರುವ ದಾರಿಯನ್ನು ಉಳಿಸುವುದು. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನವೊಂದು ಕರಾವಳಿ ಕಾವಲು ಪಡೆಯ ಪುಟ್ಟ ವಿಮಾನಕ್ಕೆ ಡಿಕ್ಕಿ ಹೊಡೆದದ್ದು ನೆನಪಿರಬಹುದು. ಪುಟ್ಟ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ದೊಡ್ಡ ವಿಮಾನ ಸುಟ್ಟು ಕರಕಲಾಯಿತು. ಆದರೆ ಅದರಲ್ಲಿದ್ದ 379 ಜನರೂ ಜೀವಸಹಿತ ಹೊರಬಂದರು.

ನಮ್ಮ ದೇಶದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಅಗ್ನಿಶಾಮಕ ತರಬೇತಿ ಕೇಂದ್ರಗಳು ಕೋಲ್ಕತ್ತದಲ್ಲಿಯೂ ದೆಹಲಿಯಲ್ಲಿಯೂ ಇವೆ. ಹೊಸಬರಿಗೆ ಅಲ್ಲಿ ಮೂಲಪಾಠ. ಭಾರೀ ವಾಹನ ಓಡಿಸುವುದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೊಗೆ ತುಂಬಿದ ಕತ್ತಲ ಕೋಣೆಯಲ್ಲಿ ತೆವಳುವುದು, ಗಾಯಾಳುವನ್ನು ಹೊರಗೆಳೆಯುವುದು, ಪ್ರಥಮ ಚಿಕಿತ್ಸೆ. ಜೊತೆಗೆ ಒಂದೊಂದು ಮಾದರಿಯ ವಿಮಾನದ ಬಾಗಿಲು ಹೊರಗಿನಿಂದ ಹೇಗೆ ತೆರೆಯುತ್ತದೆ, ಇಂಧನ, ಆಮ್ಲಜನಕ, ಬ್ಯಾಟರಿಗಳು ಎಲ್ಲಿರುತ್ತವೆ, ತಿರುಗುತ್ತಿರುವ ಎಂಜಿನ್ನಿನಿಂದ ಎಷ್ಟು ದೂರ ಇರಬೇಕು ಎಂಬುದೆಲ್ಲ ಕಂಠಪಾಠವಾಗಬೇಕು. ನಿಲ್ದಾಣದ ನಕ್ಷೆಯನ್ನು ಚೌಕಗಳಾಗಿ ವಿಭಾಗಿಸಿರುತ್ತಾರೆ. ಗೋಪುರದವರು ಚೌಕದ ಸಂಖ್ಯೆ ಹೇಳಿದೊಡನೆ ಮಂಜಿನಲ್ಲೂ ಮಳೆಯಲ್ಲೂ ಅಲ್ಲಿಗೆ ಹೋಗಲು ಗೊತ್ತಿರಬೇಕು.

ಇಷ್ಟೆಲ್ಲ ಕಲಿತವನು ಒಳ್ಳೆಯ ಅಗ್ನಿಶಾಮಕ ಸಿಬ್ಬಂದಿಯಾಗುತ್ತಾನೆ. ನಾಯಕನಾಗುವುದಿಲ್ಲ. ನಾನು ಹೇಳಹೊರಟಿರುವ ವಿಷಯ ಇದೇ.

ನಾಯಕನ ಪಾಠವೇ ಬೇರೆ. ವಾಹನ ಓಡುತ್ತಿರುವಾಗಲೇ ಅವನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಬೇಕು. ಮೊದಲ ವಾಹನವನ್ನು ಎಲ್ಲಿ ನಿಲ್ಲಿಸುತ್ತಾನೋ ಅದರ ಮೇಲೆ ಹಿಂದಿನ ವಾಹನಗಳ ಜಾಗ ನಿಂತಿದೆ. ಯಾವ ಬಾಗಿಲಿನಿಂದ ಜನರು ಜಾರುಪಟ್ಟಿಯಲ್ಲಿ ಇಳಿಯುತ್ತಿದ್ದಾರೆ, ಯಾವ ಬಾಗಿಲಿನ ಬಳಿ ಬೆಂಕಿಯಿದೆ, ಯಾರನ್ನು ಒಳಗೆ ಕಳಿಸಬೇಕು, ಕಳಿಸಿದವನ ಸಿಲಿಂಡರಿನಲ್ಲಿ ಇನ್ನೆಷ್ಟು ಗಾಳಿ ಉಳಿದಿದೆ, ಟ್ಯಾಂಕಿನ ನೀರು ಎಷ್ಟು ಹೊತ್ತಿಗೆ ಸಾಲುತ್ತದೆ, ಊರಿನ ಅಗ್ನಿಶಾಮಕ ದಳ ಮತ್ತು ಆಂಬುಲೆನ್ಸುಗಳು ಯಾವ ಗೇಟಿನಿಂದ ಬರುತ್ತವೆ, ಇವೆಲ್ಲವನ್ನೂ ಅವನೊಬ್ಬನೇ ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿರಬೇಕು. ಇದಕ್ಕಾಗಿ ಮೇಜಿನ ಮೇಲೆ ರನ್‌ವೇ ಚಿತ್ರಿಸಿ, ಆಟಿಕೆ ವಿಮಾನ ಮತ್ತು ಪುಟ್ಟ ವಾಹನಗಳನ್ನಿಟ್ಟು ಗಂಟೆಗಟ್ಟಲೆ ಅಭ್ಯಾಸ ಮಾಡಿಸುತ್ತಾರಂತೆ. ಪರೀಕ್ಷಕರು ಇದ್ದಕ್ಕಿದ್ದಂತೆ, ಗಾಳಿ ತಿರುಗಿತು ಎನ್ನುತ್ತಾರೆ, ಒಬ್ಬ ಸಿಬ್ಬಂದಿ ಹೊರಗೆ ಬಂದಿಲ್ಲ ಎನ್ನುತ್ತಾರೆ. ಆಗ ನಾಯಕ ಏನು ಹೇಳುತ್ತಾನೆ, ಎಷ್ಟು ಕಡಿಮೆ ಮಾತಿನಲ್ಲಿ ಹೇಳುತ್ತಾನೆ ಎಂಬುದಕ್ಕೆ ಅಂಕ. ನಮ್ಮ ಹುಡುಗ ಅದನ್ನು ವಿವರಿಸುತ್ತಿದ್ದಾಗ, ಇವನಿಗೇ ನಾನು ಗಣಿತ ಬರುವುದಿಲ್ಲವೆಂದು ಹೇಳಿದ್ದೇ ಎಂದು ನಾಚಿಕೆಯಾಯಿತು.

ಇಂಥ ತರಬೇತಿ ಅತಿಯಾಯಿತೆಂದು ಅನ್ನಿಸುವವರು ಕೆಲವು ದುರಂತಗಳ ತನಿಖಾ ವರದಿಗಳು ಹೇಳುವುದನ್ನು ಗಮನಿಸಬೇಕು.

1980ರ ಆಗಸ್ಟ್ 19ರಂದು ಸೌದಿ ಅರೇಬಿಯಾದ ರಿಯಾಧಿನಿಂದ ಹೊರಟ ಸೌದಿಯಾ ವಿಮಾನದಲ್ಲಿ ಹೊಗೆ ಕಾಣಿಸಿಕೊಂಡಿತು. ಅದು ಹಿಂದಿರುಗಿ ಕ್ಷೇಮವಾಗಿ ನೆಲಕ್ಕಿಳಿಯಿತು. ಆದರೆ ತಕ್ಷಣ ನಿಲ್ಲಲಿಲ್ಲ, ಬಾಗಿಲುಗಳು ತೆರೆಯಲಿಲ್ಲ. ಹೊರಗೆ ರಕ್ಷಣಾ ದಳವಿತ್ತು. ಎಂಜಿನ್ ನಿಂತ ಮೇಲೆ ಹೊರಗಿನಿಂದ ಒಂದು ಬಾಗಿಲು ತೆರೆಯಲು ಸುಮಾರು 23 ನಿಮಿಷ ಹಿಡಿಯಿತು. ಅಷ್ಟರಲ್ಲಿ ಒಳಗಿದ್ದ 301 ಜನರಲ್ಲಿ ಒಬ್ಬರೂ ಉಳಿದಿರಲಿಲ್ಲ. ನೆಲದ ಮೇಲೆ ನಿಂತ ವಿಮಾನ, ಸುತ್ತಲೂ ರಕ್ಷಕರು. ಬೇಗ ಹೊರಡದ ವಿಮಾನ ಸಿಬ್ಬಂದಿಯ ತಪ್ಪಿನ ಜೊತೆಗೆ, ರಕ್ಷಣಾ ದಳಕ್ಕೆ ತಕ್ಕ ಸಲಕರಣೆ ಮತ್ತು ತರಬೇತಿ ಇರಲಿಲ್ಲವೆಂಬುದನ್ನೂ ತನಿಖೆ ಎತ್ತಿ ಹೇಳಿತು.

1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮೇಲೇರಲು ಓಡುತ್ತಿದ್ದ ವಿಮಾನದ ಎಡ ಎಂಜಿನ್ ಒಡೆದು ಬೆಂಕಿ ಹತ್ತಿತು. ವಿಮಾನ ರನ್‌ವೇಯಿಂದ ಪಕ್ಕಕ್ಕೆ ತಿರುಗಿ ನಿಂತಾಗ ಮೆಲುವಾಗಿ ಬೀಸುತ್ತಿದ್ದ ಗಾಳಿಯೇ ಜ್ವಾಲೆಯನ್ನು ವಿಮಾನದ ಒಡಲಿನ ಮೇಲೆ ಒರಗಿಸಿತು. ಅಗ್ನಿಶಾಮಕ ವಾಹನಗಳು ಬೇಗನೆ ಬಂದವು. ಆದರೂ 137 ಜನರಲ್ಲಿ 55 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಹೊಗೆಯಿಂದ. ನಾಯಕನಾಗುವವನಿಗೆ ಗಾಳಿಯ ದಿಕ್ಕು ಮೊದಲ ಪ್ರಶ್ನೆಯಾಗಿರುವುದು ಏಕೆಂದು ಇದರಿಂದ ತಿಳಿಯುತ್ತದೆ.

ಮೂರನೆಯದು ನಮ್ಮ ವಿಷಯಕ್ಕೆ ಅತಿ ಹತ್ತಿರದ್ದು. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ ಸಂಸ್ಥೆಯ ವಿಮಾನ ರನ್‌ವೇ ಅಂಚಿನ ಸಮುದ್ರದ ಕಟ್ಟೆಗೆ ತಾಗಿ ಅಪ್ಪಳಿಸಿತು. 307 ಜನರಲ್ಲಿ ಸತ್ತವರು ಮೂವರು. ಆ ಮೂವರಲ್ಲಿ ಒಬ್ಬಳು 16 ವರ್ಷದ ಶಾಲಾ ಬಾಲಕಿ. ವಿಮಾನದಿಂದ ಹೊರಗೆ ಎಸೆಯಲ್ಪಟ್ಟು ರೆಕ್ಕೆಯ ಬಳಿ ನೆಲದ ಮೇಲೆ ಬಿದ್ದಿದ್ದ ಅವಳನ್ನು ಅಗ್ನಿಶಾಮಕ ಸಿಬ್ಬಂದಿ ಕಂಡಿದ್ದರು. ಸತ್ತಿದ್ದಾಳೆಂದು ಭಾವಿಸಿದರು. ನಾಡಿ ಮುಟ್ಟಿ ನೋಡಲಿಲ್ಲ. ಆಮೇಲೆ ನೊರೆಯ ನಡುವೆ ರಕ್ಷಣಾ ವಾಹನಗಳೇ ಅವಳ ಮೇಲೆ ಹರಿದವು. ಅಲ್ಲಿನ ಶವಪರೀಕ್ಷಾಧಿಕಾರಿಯ ಪ್ರಕಾರ ಆಗ ಅವಳಿಗೆ ಜೀವವಿತ್ತು. ಅಮೆರಿಕದ ತನಿಖಾ ಮಂಡಳಿ 2014ರ ವರದಿಯಲ್ಲಿ ಗುರುತಿಸಿದ ಲೋಪಗಳಲ್ಲಿ ಒಂದು ಇದು: ಬೆಂಕಿ ನಂದಿಸುವ ಕಾರ್ಯದ ಮುಂದಾಳತ್ವವನ್ನು ವಿಮಾನ ಅಗ್ನಿಶಮನದ ತರಬೇತಿಯಿಲ್ಲದ ಅಧಿಕಾರಿಗೆ ವಹಿಸಲಾಗಿತ್ತು. ಧೈರ್ಯಕ್ಕೆ ಅಂದು ಅಲ್ಲಿ ಕೊರತೆಯಿರಲಿಲ್ಲ. ಹಲವು ಸಿಬ್ಬಂದಿ ಉರಿಯುವ ವಿಮಾನದೊಳಗೆ ಹೋಗಿ ಜನರನ್ನು ಹೊರತಂದರು. ಕೊರತೆಯಿದ್ದದ್ದು ಎಲ್ಲವನ್ನೂ ಒಟ್ಟಾಗಿ ಕಾಣುವ, ಆ ಕೆಲಸ ಕಲಿತ ಕಣ್ಣಿಗೆ.

ನಮ್ಮೂರಿನ ನೋವಿಗೂ ಬರುತ್ತೇನೆ. 2010ರ ಮೇ 22ರ ಶನಿವಾರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ಅಸುನೀಗಿದರು. ಬೇಸಿಗೆ ರಜೆಯ ದಿನಗಳು. ನಮ್ಮ ಶಾಲೆಯ ಪರಿಸರದ ಎಷ್ಟೋ ಮನೆಗಳಲ್ಲಿ ಗಲ್ಫಿನಿಂದ ಬರುವವರಿಗಾಗಿ ಕಾಯುತ್ತಿದ್ದರು. ಸ್ಥಿರವಾಗಿಲ್ಲದ ಇಳಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರದಿದ್ದುದೇ ಅಪಘಾತಕ್ಕೆ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ನಿಲ್ದಾಣದ ಆವರಣದ ಹೊರಗಿನ ದಾರಿ ಕಿರಿದೂ ಏರುತಗ್ಗಿನದೂ ಆಗಿದ್ದರಿಂದ ಅಗ್ನಿಶಾಮಕ ವಾಹನಗಳು ಕೆಳಗೆ ತಲುಪಲು ತಡವಾಯಿತೆಂಬುದೂ ದಾಖಲಾಗಿದೆ. ರನ್‌ವೇಯ ಮೇಲೆ ಎಷ್ಟು ವೇಗವಾಗಿ ಓಡಿದರೂ ಬೇಲಿಯಾಚೆಯ ಇಳಿಜಾರಿನ ದಾರಿ ತಿಳಿದಿರಬೇಕು. ತಂಡದ ನಾಯಕ ಬಿಡುವಿನ ವೇಳೆಯಲ್ಲಿ ನಡೆದು ನೋಡಬೇಕಾದ ದಾರಿಗಳವು. ನನಗೆ ಕರೆ ಮಾಡಿದ ಹುಡುಗ ಅಂದು ಹತ್ತನೆಯ ತರಗತಿಯ ಹೊಸ್ತಿಲಲ್ಲಿದ್ದವ. ಗುಡ್ಡದ ಮೇಲೆ ಜನರ ಜೊತೆ ನಿಂತು ಹೊಗೆ ನೋಡಿದ್ದನಂತೆ. “ಅವತ್ತು ಎಂತ ಮಾಡಬೇಕೂಂತ ಗೊತ್ತಾಗ್ಲಿಲ್ಲ ಸರ್, ಅದೇ ತಲೆಯಲ್ಲಿ ಉಳಿಯಿತು” ಎಂದಷ್ಟೇ ಹೇಳಿದ.

ಈಗ ನನ್ನ ಕಥೆ. ಮೂವತ್ತು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ.

1990ರ ದಶಕದ ಮಧ್ಯಭಾಗ. ನಾನು ಬಿ.ಎಡ್. ಮುಗಿಸಿ ಹತ್ತು ವರ್ಷ ದಾಟಿತ್ತು. ಹಿರಿಯ ವಿಜ್ಞಾನ ಶಿಕ್ಷಕನಾದ್ದರಿಂದ ಪ್ರಯೋಗಾಲಯದ ಉಸ್ತುವಾರಿ ತಾನಾಗಿ ನನ್ನ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ ಉರಿಯುತ್ತಿದ್ದ ಸ್ಪಿರಿಟ್ ದೀಪಕ್ಕೆ ವಿದ್ಯಾರ್ಥಿಯೊಬ್ಬ ಸ್ಪಿರಿಟ್ ಸುರಿಯಲು ಹೋದ. ಬೆಂಕಿ ಬಾಟಲಿಗೆ ಹತ್ತಿ ಮೇಜಿನುದ್ದಕ್ಕೂ ಹರಿಯಿತು. ಕೋಣೆಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು. ನಾನು “ಹೆದರಬೇಡಿ” ಎಂದು ಕೂಗಿ, ಪಡಸಾಲೆಯ ಕೊನೆಯಲ್ಲಿ ತೂಗುಹಾಕಿದ್ದ ಕೆಂಪು ಬಕೆಟ್ ತರಲು ಓಡಿದೆ. ಮರಳಿನ ಬಕೆಟಿನಲ್ಲಿ ಅರ್ಧದಷ್ಟು ಕಾಗದದ ಉಂಡೆ, ಮಾವಿನ ಗೊರಟು. ಹೇಗೋ ಹೊತ್ತು ತರುವಷ್ಟರಲ್ಲಿ ನಮ್ಮ ಜವಾನರು ಒದ್ದೆ ಗೋಣಿಚೀಲ ಎಳೆದು ಬೆಂಕಿಯನ್ನು ಮುಚ್ಚಿಬಿಟ್ಟಿದ್ದರು. ಒಬ್ಬ ಹುಡುಗಿಯ ಮುಂಗೈ ಸುಟ್ಟಿತ್ತು. ಉಳಿದವರು ಒಂದೇ ಬಾಗಿಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಬಂದಿದ್ದರು.

ಆ ಕೋಣೆಗೆ ಇನ್ನೊಂದು ಬಾಗಿಲಿತ್ತು. ಸಾಮಾನು ಕಳವಾಗಬಾರದೆಂದು ಅದಕ್ಕೆ ಬೀಗ ಹಾಕಿಸಿದವನು ನಾನು. ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡೇ ನಾನು ಬಕೆಟ್ ತರಲು ಓಡಿದ್ದೆ.

ಮರುದಿನ ಪ್ರಾರ್ಥನಾ ಸಭೆಯಲ್ಲಿ ನನ್ನ ಸಮಯಪ್ರಜ್ಞೆಯನ್ನು ಹೊಗಳಲಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಗೋಣಿಚೀಲದ ಜವಾನರ ಹೆಸರನ್ನೂ ಹೇಳಿ ಎನ್ನುವಷ್ಟು ಬಾಯಿ ಬಂತು. ಬಾಗಿಲಿನ ಮಾತು ಬರಲಿಲ್ಲ. ಆ ತರಗತಿಯವರು ಇದನ್ನು ಓದುತ್ತಿದ್ದರೆ, ವಿಶೇಷವಾಗಿ ಮುಂಗೈ ಸುಟ್ಟ ಆ ತಾಯಿ ಓದುತ್ತಿದ್ದರೆ, ಕ್ಷಮೆ ಕೇಳುತ್ತೇನೆ. “ನಿನ್ನ ಜನ ಎಲ್ಲೆಲ್ಲಿದ್ದಾರೆ?” ಎಂದು ಅಂದು ಯಾರಾದರೂ ನನ್ನನ್ನು ಕೇಳಿದ್ದರೆ ಉತ್ತರವಿರಲಿಲ್ಲ. ನಾನು ಹೆದರಿ ಓಡಲಿಲ್ಲ, ಕೆಲಸ ಮಾಡಲೆಂದೇ ಓಡಿದೆ. ನಮ್ಮ ಹುಡುಗ ಹೋಸ್ ಕಸಿದುಕೊಂಡದ್ದೂ ಹಾಗೆಯೇ. ಅವನ ತಪ್ಪಿಗೆ ಸೀಟಿ ಊದುವವರಿದ್ದರು. ನನ್ನ ತಪ್ಪಿಗೆ ಚಪ್ಪಾಳೆ ಸಿಕ್ಕಿತು.

ಮುಂದೆ ಜ್ಯೇಷ್ಠತಾ ಪಟ್ಟಿಯ ಬಲದಿಂದ ಕೆಲಕಾಲ ಪ್ರಭಾರ ಮುಖ್ಯೋಪಾಧ್ಯಾಯನೂ ಆದೆ. ಐದುನೂರು ಮಕ್ಕಳ ಹೊಣೆ ಹೊರುವ ಮುನ್ನ ಯಾರೂ ನನಗೆ ಒಂದು ಪ್ರಶ್ನೆ ಕೇಳಲಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತಾಗ ಪ್ರಯೋಗಾಲಯದ ಆ ಬೀಗ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಜನರ ಪ್ರಾಣದ ಹೊಣೆಯಿರುವ ಕಡೆ ನಾಯಕತ್ವವನ್ನು ಸೇವಾವಧಿಗೆ ಬಹುಮಾನವೆಂಬಂತೆ ಕೊಡಬಾರದು. ಅದು ಪ್ರತ್ಯೇಕ ವಿದ್ಯೆ. ಪ್ರತ್ಯೇಕವಾಗಿ ಕಲಿಸಬೇಕು, ಮಾಡಿಸಿ ನೋಡಬೇಕು, ಬಾರದವನನ್ನು ನಪಾಸು ಮಾಡುವ ಗಟ್ಟಿತನವೂ ಬೇಕು. ನಪಾಸಾದವನು ದಡ್ಡನಲ್ಲ, ಹೇಡಿಯಲ್ಲ; ಅವನಿಗೆ ಇನ್ನೊಮ್ಮೆ ಕಲಿಸಬೇಕು, ಅಷ್ಟೆ.

ಅನುಭವಕ್ಕೆ ಬೆಲೆಯಿಲ್ಲವೇ ಎಂದು ನನ್ನ ವಯಸ್ಸಿನವರು ಕೇಳಬಹುದು. ಖಂಡಿತ ಇದೆ. ಹತ್ತು ವರ್ಷ ಹೋಸ್ ಹಿಡಿದವನಿಗೆ ಮಾತ್ರ ಅದನ್ನು ಹಿಡಿದವನ ಕಷ್ಟ ತಿಳಿಯುತ್ತದೆ. ಆದರೆ ವಿಮಾನ ನಿಲ್ದಾಣದ ಕೆಲಸದಲ್ಲಿ ಒಂದು ವಿಚಿತ್ರವಿದೆ. ದೊಡ್ಡ ಅವಘಡವನ್ನು ಒಮ್ಮೆಯೂ ಕಾಣದೆ ನಿವೃತ್ತರಾಗುವವರೇ ಹೆಚ್ಚು. ಹಾಗಾಗಲಿ ಎಂದೇ ನಾವು ಹಾರೈಸಬೇಕು. ಎಂದೂ ಬಾರದ ದಿನಕ್ಕೆ ಅನುಭವ ಎಲ್ಲಿಂದ ಬರಬೇಕು? ತಾಲೀಮಿನಿಂದಲೇ ಬರಬೇಕು. ಅದಕ್ಕಾಗಿಯೇ ಎರಡು ವರ್ಷ ಮೀರದಂತೆ ಒಮ್ಮೆ ಇಡೀ ನಿಲ್ದಾಣ, ಆಸ್ಪತ್ರೆ, ಪೊಲೀಸರನ್ನು ಒಳಗೊಂಡ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ನಮ್ಮ ಹುಡುಗನ ಅರ್ಹತಾ ಪತ್ರಕ್ಕೂ ಅವಧಿಯಿದೆಯಂತೆ. ಅದು ಮುಗಿದರೆ ಮತ್ತೆ ಪರೀಕ್ಷೆ. ನನ್ನ ಬಿ.ಎಡ್. ಪತ್ರಕ್ಕೆ ಅಂಥ ಅವಧಿಯಿರಲಿಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಗೆದ್ದಲು ಹಿಡಿಯುವವರೆಗೆ ಅದು ಸಿಂಧು.

ಎರಡನೆಯ ಸಲ ಹೇಗೆ ಮಾಡಿದೆ ಎಂದು ಕೊನೆಗೆ ಅವನನ್ನು ಕೇಳಿದೆ. “ಏನೂ ಮಾಡ್ಲಿಲ್ಲ ಸರ್. ಹೋಸ್ ಮುಟ್ಟಲೇ ಇಲ್ಲ. ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತೆ. ಬಹಳ ಕಷ್ಟ ಆಯ್ತು” ಎಂದ.

ನನ್ನ ವಿದ್ಯಾರ್ಥಿಗಳಲ್ಲಿ ಇಂದು ಶಾಲೆ, ಆಸ್ಪತ್ರೆ, ಕಾರ್ಖಾನೆಗಳನ್ನು ನಡೆಸುವವರು ಹಲವರಿದ್ದೀರಿ. ಮೇಷ್ಟ್ರ ಕೊನೆಯ ಮನೆಪಾಠವೆಂದು ತಿಳಿದು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ನಿಮ್ಮ ಕಟ್ಟಡದ ಎರಡನೆಯ ಬಾಗಿಲು ಎಲ್ಲಿದೆ, ಅದರ ಬೀಗದ ಕೈ ಯಾರ ಜೇಬಿನಲ್ಲಿದೆ ಎಂದು ನೋಡಿ. ನೋಡಿದ ಮೇಲೆ ಸಾಧ್ಯವಾದರೆ ನನಗೊಂದು ಸಾಲು ಬರೆಯಿರಿ.

ಪಾಸಾದ ಹುಡುಗನಿಗೆ ಆಶೀರ್ವಾದ. ಕಲಿತ ವಿದ್ಯೆಯನ್ನು ಬಳಸುವ ದಿನ ಅವನಿಗೆ ಎಂದೂ ಬಾರದಿರಲಿ. ಬಂದರೆ, ಅವನ ಎಂಟು ಜನರೂ ಎಲ್ಲೆಲ್ಲಿದ್ದಾರೆಂದು ಅವನಿಗೆ ತಿಳಿದಿರಲಿ.